ಫೋನಿನಲ್ಲಿ ಕೇಳದ ತಂತಿ: ಹಳೆ ರಾಕ್ ಹಾಡುಗಳ ಬೇಸ್ ಸದ್ದು ಹುಟ್ಟಿದ್ದು ಹೇಗೆ?

(ಪಾಡ್‌ಕಾಸ್ಟ್‌ನ ಪೂರ್ಣ ಬರಹ ರೂಪ)



ಶುರು ಮಾಡುವ ಮೊದಲು ಒಂದು ಸಣ್ಣ ಕೆಲಸ. ಇಯರ್‌ಫೋನ್ ಹತ್ತಿರ ಉಂಟಾ? ಇದ್ದರೆ ಹಾಕಿಕೊಳ್ಳಿ. ಬಸ್ಸಿನಲ್ಲಿ ಕೂತು ಫೋನಿನ ಸ್ಪೀಕರ್‌ನಲ್ಲೇ ಕೇಳ್ತಾ ಇದ್ದರೆ ಪಕ್ಕದವರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು. ಯಾಕೆ ಅಂತ ಕೊನೆಗೆ ಹೇಳ್ತೇನೆ.

ನಾನು ಬೆಳೆದದ್ದು ಬೆಳ್ತಂಗಡಿ ಕಡೆಯ ಒಂದು ಹಳ್ಳಿಯಲ್ಲಿ. ಮನೆ ಎದುರು ಗದ್ದೆ, ಗದ್ದೆಯ ಆಚೆ ಅಡಿಕೆ ತೋಟ, ತೋಟದ ಆಚೆ ಶಾಲೆ ಮೈದಾನ. 1990ರ ದಶಕದ ಮೊದಲ ವರ್ಷಗಳು. ಗಣೇಶೋತ್ಸವದ ಕೊನೆ ದಿನ ಆ ಮೈದಾನದಲ್ಲಿ ರಸಮಂಜರಿ ಇರ್ತಿತ್ತು. ನನ್ನ ಸೋದರಮಾವ ಆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸ್ತಿದ್ದರು. ಒಂದು ವರ್ಷ ನನಗೆ ಜ್ವರ. ಮೈದಾನಕ್ಕೆ ಹೋಗ್ಲಿಕ್ಕೆ ಅಮ್ಮ ಬಿಡಲಿಲ್ಲ. ಚಾಪೆಯಲ್ಲಿ ಮಲಗಿ ಕಿವಿ ಕೊಟ್ಟರೆ ಹಾಡುವವರ ಸ್ವರ ಇಲ್ಲ, ಕೀಬೋರ್ಡ್ ಇಲ್ಲ, ಚಪ್ಪಾಳೆಯೂ ಇಲ್ಲ. ತೋಟ ದಾಟಿ ಬರ್ತಾ ಇದ್ದದ್ದು ಒಂದೇ: ದುಂ… ದುಂ ದುಂ… ದುಂ. ಅದು ನಮ್ಮ ಮಾವ!

ಇದರಲ್ಲಿ ಮಾಯೆ ಎಂತದ್ದೂ ಇಲ್ಲ, ವಿಜ್ಞಾನ. ಬೇಸ್ ಗಿಟಾರ್‌ನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸ್ತದೆ. ಆ ಸದ್ದಿನ ಒಂದು ಅಲೆಯ ಉದ್ದ ಎಂಟು ಮೀಟರಿಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ ಒಂದು ಅಡಿಕೆ ಮರ ಅಡ್ಡಿ ಅಂತ ಅನಿಸೋದೇ ಇಲ್ಲ, ಸುತ್ತು ಹಾಕಿ ಬರ್ತದೆ. ಹಾಡುವವರ ಸ್ವರದ ಅಲೆಗಳು ಚಿಕ್ಕವು. ಅವು ಮರಕ್ಕೆ, ಸೋಗೆಗೆ, ಗೋಡೆಗೆ ಬಡಿದು ಚದುರಿಹೋಗ್ತವೆ.

ಅದೇ ಆರ್ಕೆಸ್ಟ್ರಾದ ಒಂದು ಕ್ಯಾಸೆಟ್ ನಮ್ಮ ಮನೆಯಲ್ಲಿತ್ತು. ಕಳೆದ ವರ್ಷ ಅದನ್ನು ಡಿಜಿಟಲ್ ಮಾಡಿಸಿ ಫೋನಿನಲ್ಲಿ ಹಾಕಿದೆ. ಹಾಡು ಕೇಳಿತು, ಕೀಬೋರ್ಡ್ ಕೇಳಿತು, ಮೈಕ್‌ಸೆಟ್‌ನವರು ಕೆಮ್ಮಿದ್ದೂ ಕೇಳಿತು. ಮಾವ ಮಾತ್ರ ಇಲ್ಲ! ಗದ್ದೆಯ ಆಚೆಯಿಂದ ಕೇಳ್ತಿದ್ದ ಒಬ್ಬನೇ ಮನುಷ್ಯ ಅಂಗೈಯಲ್ಲಿದ್ದ ಫೋನಿನಲ್ಲಿ ಕಾಣೆ. ಆ ಪ್ರಶ್ನೆ ಹಿಡಿದು ಹೊರಟವನಿಗೆ ಹಳೆ ರಾಕ್ ಹಾಡುಗಳ ಬೇಸ್ ಸದ್ದಿನ ಚರಿತ್ರೆ ಸಿಕ್ಕಿತು. ಇವತ್ತಿನ ಕಂತು ಅದೇ.

ರೇಡಿಯೊ ರಿಪೇರಿಯವರ ಗಿಟಾರ್

1950ಕ್ಕಿಂತ ಮೊದಲು ಬೇಸ್ ಅಂದರೆ ಆಳೆತ್ತರದ ಡಬಲ್ ಬೇಸ್. ನಿಂತು, ಅಪ್ಪಿ ಹಿಡಿದು ನುಡಿಸುವ ಮರದ ವಾದ್ಯ. ಅದನ್ನು ಕಾರಿನಲ್ಲಿ ಸಾಗಿಸೋದೇ ದೊಡ್ಡ ಕೆಲಸ. ಅದಕ್ಕಿಂತ ಕಷ್ಟ ಅಂದರೆ ಡ್ರಮ್, ಎಲೆಕ್ಟ್ರಿಕ್ ಗಿಟಾರ್‌ಗಳ ಗದ್ದಲದಲ್ಲಿ ಅದು ಕೇಳ್ತಾನೇ ಇರಲಿಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೊ ಫೆಂಡರ್ ಅಂತ ಒಬ್ಬರು. ಮೊದಲು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವರು. ತಮಾಷೆ ಗೊತ್ತುಂಟಾ? ಅವರಿಗೆ ಗಿಟಾರ್ ನುಡಿಸ್ಲಿಕ್ಕೆ ಬರ್ತಿರಲಿಲ್ಲ. 1951ರಲ್ಲಿ ಅವರು ‘ಪ್ರಿಸಿಷನ್ ಬೇಸ್’ ಹೊರತಂದರು. ಗಿಟಾರಿನಂತೆ ಹೆಗಲಿಗೆ ಹಾಕಿಕೊಳ್ಳಬಹುದು, ಕತ್ತಿನ ಮೇಲೆ ಫ್ರೆಟ್‌ಗಳಿವೆ, ಬೆರಳು ಇಟ್ಟಲ್ಲಿ ಸ್ವರ ಖಚಿತ. ಅದಕ್ಕೇ ಆ ಹೆಸರು. ತಂತಿಯ ಕೆಳಗಿನ ಅಯಸ್ಕಾಂತದ ಪಿಕಪ್ ಕಂಪನವನ್ನು ವಿದ್ಯುತ್ ಸಂಕೇತ ಮಾಡಿ ಆಂಪ್ಲಿಫೈಯರ್‌ಗೆ ಕಳಿಸ್ತದೆ.

ಆ ಗಿಟಾರಿನಲ್ಲಿ ಎರಡು ಸಣ್ಣ ಸಂಗತಿ ಇದ್ದವು. ಒಂದು, ತಂತಿ. ಆಗಿನ ಬೇಸ್ ತಂತಿಗಳಿಗೆ ಚಪ್ಪಟೆ ಪಟ್ಟಿಯಂಥ ಲೋಹವನ್ನು ಸುತ್ತಿರ್ತಿದ್ದರು. ಇದಕ್ಕೆ ಫ್ಲಾಟ್‌ವೂಂಡ್ ಅಂತಾರೆ. ಬೆರಳಿಗೆ ನುಣುಪು, ಸದ್ದು ಮಂದ. ಎರಡು, ಸ್ಪಂಜು. ತಂತಿಗಳು ಕೊನೆಯಾಗುವ ಬ್ರಿಜ್‌ನ ಮೇಲೆ ಹೊಳೆಯುವ ಲೋಹದ ಮುಚ್ಚಳ, ಅದರ ಒಳಗೆ ತಂತಿಗೆ ತಾಗುವಂತೆ ಒಂದು ಸ್ಪಂಜಿನ ತುಂಡು. ತಂತಿ ಹೆಚ್ಚು ಹೊತ್ತು ಗುಂಯ್‌ಗುಡಬಾರದು ಅಂತ. ಮೀಟಿದರೆ ‘ದುಂ’ ಅಂತ ಹುಟ್ಟಿ ಕೂಡಲೇ ಮುಗಿಯಬೇಕು, ಹಳೆಯ ಡಬಲ್ ಬೇಸಿನ ಹಾಗೆ.

ನಾವು ಇವತ್ತು ‘ವಿಂಟೇಜ್ ಟೋನ್’ ಅಂತ ದುಡ್ಡು ಕೊಟ್ಟು ಪ್ಲಗಿನ್ ತಗೊಳ್ತೇವಲ್ಲ, ಅದರ ಅರ್ಧ ಗುಟ್ಟು ಇಷ್ಟೇ ಮಾರಾಯ್ರೆ. ಚಪ್ಪಟೆ ತಂತಿ, ಒಂದು ತುಂಡು ಸ್ಪಂಜು.

ನಮ್ಮ ಮಾವ ಇದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವರು ಬೊಂಬಾಯಿಯ ಹೋಟೆಲ್ ಕೆಲಸ ಬಿಟ್ಟು ಬರುವಾಗ ಕೋಲ್ಕತ್ತ ಮೇಕಿನ ಒಂದು ಬೇಸ್ ಗಿಟಾರ್ ತಂದಿದ್ದರು. ಬಾಡಿಗೆ ಮೈಕ್‌ಸೆಟ್‌ನಲ್ಲಿ ಅದು ವಿಪರೀತ ಗುಂಯ್‌ಗುಡ್ತಿತ್ತು. ಒಂದು ದಿನ ಹಳೆ ಹವಾಯಿ ಚಪ್ಪಲಿ ಕತ್ತರಿಸಿ, ಅದರ ತುಂಡನ್ನು ತಂತಿಯಡಿಗೆ ತುರುಕಿದರು. ಸದ್ದು ಸರಿಯಾಯಿತು. ಆರ್ಕೆಸ್ಟ್ರಾದವರು ಅದಕ್ಕೆ ‘ಚಪ್ಪಲಿ ಗಿಟಾರ್’ ಅಂತ ಹೆಸರಿಟ್ಟರು.

ಬದಲಾಯಿಸದ ತಂತಿ

ಈಗ ಡೆಟ್ರಾಯಿಟ್‌ಗೆ ಹೋಗುವ. ಅಲ್ಲಿ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿ. ಅದರ ಸ್ಟುಡಿಯೊ ಒಂದು ಸಾಧಾರಣ ಮನೆ, ರೆಕಾರ್ಡಿಂಗ್ ನಡೀತಿದ್ದದ್ದು ಹಿಂದಿನ ಗ್ಯಾರೇಜನ್ನು ಬದಲಾಯಿಸಿ ಮಾಡಿದ ಕೋಣೆಯಲ್ಲಿ. 1960ರ ದಶಕದಲ್ಲಿ ಅಲ್ಲಿ ಬೇಸ್ ನುಡಿಸ್ತಿದ್ದವರು ಜೇಮ್ಸ್ ಜೇಮರ್‌ಸನ್. ಮೋಟೌನ್‌ನದ್ದು ಸೋಲ್ ಸಂಗೀತ, ರಾಕ್ ಅಲ್ಲ. ಆದರೆ ರಾಕ್ ಬೇಸ್ ವಾದಕರೆಲ್ಲ ಕಿವಿಗೊಟ್ಟು ಕಲಿತದ್ದು ಈ ಮನುಷ್ಯನಿಂದ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಕೂಡ ತನ್ನ ಮೇಲೆ ಅವರ ಪ್ರಭಾವ ಇದೆ ಅಂತ ಒಪ್ಪಿಕೊಂಡಿದ್ದಾರೆ.

ಜೇಮರ್‌ಸನ್ ಬಳಿ ಇದ್ದದ್ದು 1962ರ ಒಂದು ಪ್ರಿಸಿಷನ್ ಬೇಸ್. ದಪ್ಪದ ಫ್ಲಾಟ್‌ವೂಂಡ್ ತಂತಿ, ಕೆಳಗೆ ಸ್ಪಂಜು. ಅವರು ತಂತಿ ಬದಲಾಯಿಸ್ತಾನೇ ಇರಲಿಲ್ಲ, ತುಂಡಾದರೆ ಮಾತ್ರ. ಬೆವರು, ಕೊಳೆ, ಜಿಡ್ಡು ಕೂತು ಕೂತು ತಂತಿಯ ಚುರುಕು ಸದ್ದು ಸತ್ತೇ ಹೋಗ್ತಿತ್ತು. ಅವರಿಗೆ ಬೇಕಾದದ್ದೂ ಅದೇ. ಬಲಗೈಯ ತೋರುಬೆರಳು ಒಂದರಲ್ಲೇ ನುಡಿಸ್ತಿದ್ದರು. ಮೊದಲು ಡಬಲ್ ಬೇಸ್ ಕಲಿತ ಅಭ್ಯಾಸ ಅದು. ಆ ಬೆರಳಿಗೆ ಗೆಳೆಯರು ‘ಕೊಕ್ಕೆ’ ಅಂತ ಅಡ್ಡಹೆಸರು ಇಟ್ಟಿದ್ದರು. ರೆಕಾರ್ಡಿಂಗ್ ಮಾಡುವಾಗ ಆಂಪ್ಲಿಫೈಯರ್ ಮುಂದೆ ಮೈಕ್ ಇಡುವ ಬದಲು, ಗಿಟಾರ್‌ನ ವೈರನ್ನು ನೇರ ರೆಕಾರ್ಡಿಂಗ್ ಕನ್ಸೋಲ್‌ಗೆ ಕೊಡ್ತಿದ್ದರು. ನಡುವೆ ಕೋಣೆಯ ಗಾಳಿಯೂ ಇಲ್ಲ. ಹಾಗಾಗಿ ಮೋಟೌನ್ ಹಾಡುಗಳಲ್ಲಿ ಬೇಸ್ ಅಷ್ಟು ಹತ್ತಿರ, ಅಷ್ಟು ದುಂಡಗೆ ಕೇಳ್ತದೆ.

ಮೃದಂಗದ ಎಡಬದಿಗೆ ರವೆ ಕಲಸಿ ಮೆತ್ತೋದನ್ನು ನೋಡಿದ್ದೀರಲ್ಲ? ಮೆತ್ತಿದ ಮೇಲೆ ಆ ಬದಿಯ ಸದ್ದಿಗೆ ತೂಕ ಬರ್ತದೆ. ಇದೂ ಹೆಚ್ಚುಕಡಿಮೆ ಅದೇ ಜಾಣತನ. ಗುಂಯ್ ಅನ್ನುವುದನ್ನು ಸ್ವಲ್ಪ ಕೊಂದರೆ ದುಂ ಅನ್ನುವುದು ಬದುಕ್ತದೆ.

ಲಾಸ್ ಏಂಜಲೀಸ್‌ನಲ್ಲಿ ಕ್ಯಾರಲ್ ಕೇ ಅನ್ನುವ ಮಹಿಳೆ ಇನ್ನೊಂದು ದಾರಿ ಹಿಡಿದರು. ಅವರು ಬೆರಳಿನ ಬದಲು ಗಟ್ಟಿ ಪಿಕ್ ಬಳಸಿದರು. ಬ್ರಿಜ್ ಹತ್ತಿರ ತಂತಿಯ ಮೇಲೆ ಮಡಚಿದ ಫೆಲ್ಟ್ ಬಟ್ಟೆ ಇಟ್ಟು ಅದುಮಿದರು. ಪಿಕ್‌ನಿಂದ ‘ಟಕ್’, ಫೆಲ್ಟ್‌ನಿಂದ ‘ದುಂ’, ಎರಡೂ ಸೇರಿ ಒಂದು ಸ್ಪಷ್ಟ ಬೇಸ್. ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ ಆಲ್ಬಂನ ಹಲವು ಹಾಡುಗಳಲ್ಲಿ ಇರೋದು ಅವರ ಕೈ.

ಸೂಜಿ ಹಾರುವ ಭಯ

ಅದೇ ಕಾಲಕ್ಕೆ ಲಂಡನ್‌ನಲ್ಲಿ ಬೀಟಲ್ಸ್‌ನವರಿಗೆ ಒಂದು ಸಿಟ್ಟು. ಅಮೆರಿಕದ ರೆಕಾರ್ಡ್‌ಗಳಲ್ಲಿ ಬೇಸ್ ಇಷ್ಟು ಜೋರು, ನಮ್ಮದರಲ್ಲಿ ಯಾಕಿಲ್ಲ?

ಕಾರಣ ವಿನೈಲ್ ತಟ್ಟೆ. ರೆಕಾರ್ಡ್ ತಟ್ಟೆಯ ಮೇಲೆ ಹಾಡು ಅಂದರೆ ಒಂದು ಸಣ್ಣ ಗೀರು. ಸದ್ದು ತಗ್ಗಿದಷ್ಟೂ, ಜೋರಾದಷ್ಟೂ ಆ ಗೀರು ಅಗಲಕ್ಕೆ ಓಲಾಡ್ತದೆ. ವಿಪರೀತ ಓಲಾಡಿದರೆ ಮನೆಯ ಪ್ಲೇಯರ್‌ನ ಸೂಜಿ ಹಾರ್ತದೆ, ಗಿರಾಕಿ ರೆಕಾರ್ಡನ್ನು ವಾಪಸ್ ತರ್ತಾನೆ. ಹಾಗಾಗಿ ತಟ್ಟೆಗೆ ಕೊರೆಯುವ ಎಂಜಿನಿಯರ್‌ಗಳು ಬೇಸನ್ನು ತಗ್ಗಿಸಿಯೇ ಕೊರೀತಿದ್ದರು. ತಪ್ಪು ಅವರದ್ದೂ ಅಲ್ಲ.

1966ರ ಏಪ್ರಿಲ್‌ನಲ್ಲಿ ‘ಪೇಪರ್‌ಬ್ಯಾಕ್ ರೈಟರ್’ ರೆಕಾರ್ಡಿಂಗ್. ಎಂಜಿನಿಯರ್ ಜೆಫ್ ಎಮೆರಿಕ್ ಆಗ ಇಪ್ಪತ್ತರ ಹುಡುಗ. ಸ್ಟುಡಿಯೊದ ತಂತ್ರಜ್ಞ ಕೆನ್ ಟೌನ್‌ಸೆಂಡ್ ಒಂದು ಉಪಾಯ ಮಾಡಿದರು. ಸ್ಪೀಕರ್ ವಿದ್ಯುತ್ತನ್ನು ಸದ್ದು ಮಾಡ್ತದೆ, ಮೈಕ್ ಸದ್ದನ್ನು ವಿದ್ಯುತ್ ಮಾಡ್ತದೆ, ಅಂದರೆ ಎರಡೂ ಒಂದೇ ಯಂತ್ರದ ಹಿಂದುಮುಂದು. ಹಾಗಾದರೆ ಒಂದು ದೊಡ್ಡ ಸ್ಪೀಕರನ್ನೇ ಮೈಕ್‌ನಂತೆ ಬಳಸಿದರೆ? ಬೇಸ್ ಆಂಪ್ಲಿಫೈಯರ್‌ನ ಎದುರು ಇನ್ನೊಂದು ಸ್ಪೀಕರ್ ಇಟ್ಟರು. ಅದರ ಅಗಲವಾದ ಕಾಗದದ ಕೋನ್ ಬೇಸಿನ ದೊಡ್ಡ ಅಲೆಗಳನ್ನು ಹಿಡಿಯಿತು. ಸೂಜಿ ಹಾರದ ಹಾಗೆ ಜೋರಾಗಿ ಕೊರೆಯಲು ಹೊಸ ಯಂತ್ರವನ್ನೂ ಬಳಸಿದರು. ಹಾಡು ಹೊರಬಂದಾಗ ಬ್ರಿಟನ್ನಿನ ಕಿವಿಗಳು ನೆಟ್ಟಗಾದವು.

ಅಷ್ಟರಲ್ಲಿ ಮೆಕಾರ್ಟ್ನಿ ವಾದ್ಯವನ್ನೂ ಬದಲಾಯಿಸಿದ್ದರು. ಮೊದಲು ಇದ್ದದ್ದು ಪಿಟೀಲಿನ ಆಕಾರದ ಹಾಫ್ನರ್, 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಸುಮಾರು 30 ಪೌಂಡ್‌ಗೆ ಕೊಂಡದ್ದು. ಒಳಗೆ ಟೊಳ್ಳು, ಹಗುರ, ಸದ್ದು ಮೆತ್ತಗೆ. ಆಮೇಲೆ ಬಂದದ್ದು ಗಟ್ಟಿ ಮರದ ರಿಕನ್‌ಬ್ಯಾಕರ್. 1967ರ ‘ಸಾರ್ಜೆಂಟ್ ಪೆಪ್ಪರ್’ ಹೊತ್ತಿಗೆ ಉಳಿದದ್ದೆಲ್ಲ ಮುಗಿದ ಮೇಲೆ, ಕೊನೆಗೆ ಬೇಸ್ ಒಂದನ್ನೇ ಬೇರೆ ಟ್ರ್ಯಾಕ್‌ನಲ್ಲಿ ನಿಧಾನಕ್ಕೆ ರೆಕಾರ್ಡ್ ಮಾಡುವ ಅಭ್ಯಾಸ ಶುರುವಾಯಿತು. ಅಡಿಪಾಯ ಕೊನೆಗೆ ಹಾಕಿದ ಹಾಗೆ! ಆದರೆ ಅದರಿಂದ ಬೇಸ್‌ಗೆ ತನ್ನದೇ ಆದ ರಾಗ ಹಾಡುವ ಜಾಗ ಸಿಕ್ಕಿತು. ಅಂದ ಹಾಗೆ, ಆ ಹಳೆ ಹಾಫ್ನರ್ 1972ರಲ್ಲಿ ಲಂಡನ್‌ನಲ್ಲಿ ಒಂದು ವ್ಯಾನಿನಿಂದ ಕಳವಾಗಿತ್ತು. ಐವತ್ತು ವರ್ಷ ದಾಟಿದ ಮೇಲೆ ಅದು ಮೆಕಾರ್ಟ್ನಿ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಬಂತು.

ಎಲ್ಲರಿಗೂ ಮೆತ್ತಗಿನ ಬೇಸೇ ಬೇಕಿರಲಿಲ್ಲ. ದ ಹೂ ತಂಡದ ಜಾನ್ ಎಂಟ್‌ವಿಸಲ್‌ಗೆ ಪಿಯಾನೊದಂತೆ ಝಣ್ ಅನ್ನುವ ಸದ್ದು ಬೇಕು. 1965ರ ‘ಮೈ ಜನರೇಷನ್’ನಲ್ಲಿ ಬೇಸ್‌ಗೇ ಒಂದು ಸೋಲೊ ಇದೆ. ಅದಕ್ಕಾಗಿ ಅವರು ತೆಳು ತಂತಿಯ ಡ್ಯಾನೆಲೆಕ್ಟ್ರೊ ಗಿಟಾರ್ ತಂದರು. ತಂತಿ ತುಂಡಾಯಿತು. ಬಿಡಿ ತಂತಿ ಸಿಗಲಿಲ್ಲ, ತಂತಿಗಾಗಿ ಇನ್ನೊಂದು ಗಿಟಾರ್ ಕೊಂಡರು! ಅದೂ ತುಂಡಾಯಿತು. ಕೊನೆಗೆ ಫೆಂಡರ್ ಜಾಝ್ ಬೇಸ್‌ನಲ್ಲೇ ರೆಕಾರ್ಡ್ ಮಾಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಮರುವರ್ಷ ಅವರು ರೋಟೊಸೌಂಡ್ ಕಂಪನಿಯ ಜೊತೆ ಕೂತು ದುಂಡು ತಂತಿ ಸುತ್ತಿದ ರೌಂಡ್‌ವೂಂಡ್ ಬೇಸ್ ತಂತಿಗಳನ್ನು ಸರಿಪಡಿಸಿದರು. 1970ರ ದಶಕದ ರಾಕ್‌ನ ಚುರುಕು ಬೇಸ್ ಸದ್ದಿನ ತಾಯಿಬೇರು ಅಲ್ಲಿ. 1969ರಲ್ಲಿ ಆಂಪೆಗ್ ಕಂಪನಿಯ 300 ವಾಟ್‌ನ ಎಸ್‌ವಿಟಿ ಆಂಪ್ಲಿಫೈಯರ್ ಬಂದ ಮೇಲೆ ಮೈದಾನದಲ್ಲೂ ಬೇಸ್ ಗುಡುಗಿತು.

ಹೊಸ ತಂತಿ ಸಿಗದ ಊರಲ್ಲಿ ಮಾವ ಎಂತ ಮಾಡ್ತಿದ್ದರು ಗೊತ್ತುಂಟಾ? ನಮ್ಮ ಮಳೆಗಾಲಕ್ಕೆ ಕಬ್ಬಿಣವೇ ಕರಗ್ತದೆ, ತಂತಿ ಯಾವ ಲೆಕ್ಕ? ಯಾರೋ ಹೇಳಿದರಂತೆ, ಕುದಿಸಿದರೆ ತಂತಿ ಹೊಸತಾಗ್ತದೆ ಅಂತ. ಬಚ್ಚಲಿನ ಹಂಡೆಗೆ ನಾಲ್ಕೂ ತಂತಿ ಹಾಕಿ ಕುದಿಸಿದರು. ಇದು ಹುಚ್ಚಲ್ಲ, ಜಗತ್ತಿನಾದ್ಯಂತ ಬೇಸ್ ವಾದಕರು ಮಾಡುವ ಕೆಲಸ. ಸುತ್ತಿನ ನಡುವಿನ ಜಿಡ್ಡು ಬಿಟ್ಟುಹೋಗಿ ಸದ್ದು ಚುರುಕಾಗ್ತದೆ. ಆದರೆ ನುಡಿಸಿ ನೋಡಿದ ಮಾವ ಮುಖ ಸಿಂಡರಿಸಿದರು. “ತಂಬಿಗೆ ನೆಲಕ್ಕೆ ಬಿದ್ದ ಹಾಗೆ ಕೇಳ್ತದೆ ಮಾರಾಯ” ಅಂದರು. ಮತ್ತೆ ಕುದಿಸಲಿಲ್ಲ. ಡೆಟ್ರಾಯಿಟ್‌ನ ಜೇಮರ್‌ಸನ್ ಹೆಸರನ್ನು ಅವರು ಕೇಳಿರಲೂ ಇಲ್ಲ.

ಮದ್ರಾಸಿನ ದಾರಿಯಲ್ಲಿ ನಮ್ಮ ಊರಿಗೆ

ಹಾಗಾದರೆ ಮಾವನ ಕಿವಿಗೆ ಈ ರುಚಿ ಹತ್ತಿಸಿದ್ದು ಯಾರು? ಸಿನಿಮಾ ಹಾಡು.

1960, 70ರ ದಶಕಗಳಲ್ಲಿ ಹೆಚ್ಚಿನ ಕನ್ನಡ ಸಿನಿಮಾ ಹಾಡುಗಳು ರೆಕಾರ್ಡ್ ಆಗ್ತಿದ್ದದ್ದು ಮದ್ರಾಸಿನ ಸ್ಟುಡಿಯೊಗಳಲ್ಲಿ. ‘ಜೇಡರ ಬಲೆ’ (1968), ‘ಕಸ್ತೂರಿ ನಿವಾಸ’ (1971), ‘ಬಂಗಾರದ ಮನುಷ್ಯ’ (1972), ಈ ಎಲ್ಲದಕ್ಕೂ ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್. ಅವರ ಬಳಿ ಸಹಾಯಕನಾಗಿ, ಗಿಟಾರ್ ವಾದಕನಾಗಿ ದುಡಿದ ಒಬ್ಬ ಹುಡುಗನೇ ಮುಂದೆ ಇಳಯರಾಜ ಆದದ್ದು. ಅಂದರೆ ಇಳಯರಾಜ ಪಳಗಿದ ಗರಡಿಯಲ್ಲಿ ಕನ್ನಡ ಹಾಡುಗಳ ಪಾಲು ದೊಡ್ಡದು.

ಮದ್ರಾಸಿನಲ್ಲೇ ಧನರಾಜ್ ಮಾಸ್ಟರ್ ಎಂಬವರಲ್ಲಿ ಇಳಯರಾಜ ಪಾಶ್ಚಾತ್ಯ ಸಂಗೀತ ಕಲಿತರು. ಹಾಗಾಗಿ ಅವರ ಹಾಡಿನಲ್ಲಿ ಬೇಸ್ ಬರೀ ತಾಳ ಹಾಕುವುದಿಲ್ಲ, ಪಲ್ಲವಿಯ ಕೆಳಗೆ ಇನ್ನೊಂದು ರಾಗವನ್ನೇ ಹಾಡ್ತದೆ. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ (1981), ಮಣಿರತ್ನಂ ಅವರ ಮೊದಲ ಸಿನಿಮಾ ‘ಪಲ್ಲವಿ ಅನುಪಲ್ಲವಿ’ (1983), ಈ ಎರಡರ ಹಾಡುಗಳನ್ನು ಇವತ್ತು ರಾತ್ರಿ ಇಯರ್‌ಫೋನ್ ಹಾಕಿ ಕೇಳಿ. ಸ್ವರವನ್ನು, ವಯಲಿನ್‌ಗಳನ್ನು ಬಿಟ್ಟು ಕೆಳಗೆ ಇಳಿಯಿರಿ. ಅಲ್ಲಿ ಒಬ್ಬರು ಓಡಾಡ್ತಾ ಇರ್ತಾರೆ. ಇಳಯರಾಜ ತಂಡದಲ್ಲಿ ಬಹುಕಾಲ ಬೇಸ್ ಗಿಟಾರ್ ನುಡಿಸಿದವರು ಶಶಿಧರನ್. ಹಾಡುಗಳು ಬಾಯಿಪಾಠ ಇರುವ ಎಷ್ಟು ಜನರಿಗೆ ಈ ಹೆಸರು ಗೊತ್ತುಂಟು?

ಹೆಸರಿಲ್ಲದವರು

ಇಲ್ಲಿಗೆ ಕಥೆ ಸ್ವಲ್ಪ ಭಾರ ಆಗ್ತದೆ.

ಮೋಟೌನ್‌ನ ಎಷ್ಟೋ ಹಿಟ್ ಹಾಡುಗಳಲ್ಲಿ ನುಡಿಸಿದ ಜೇಮರ್‌ಸನ್ ಹೆಸರು ಕಂಪನಿಯ ಆಲ್ಬಂ ಕವರ್ ಮೇಲೆ ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ. ಆ ಹೊತ್ತಿಗೆ ಅವರು ಹನ್ನೆರಡು ವರ್ಷದಷ್ಟು ಅಲ್ಲಿ ದುಡಿದಾಗಿತ್ತು. 1983ರಲ್ಲಿ ಮೋಟೌನ್‌ನ 25ನೇ ವರ್ಷದ ದೊಡ್ಡ ಕಾರ್ಯಕ್ರಮ ನಡೆಯಿತು. ಜೇಮರ್‌ಸನ್ ವೇದಿಕೆಯಲ್ಲಿರಲಿಲ್ಲ, ಟಿಕೆಟ್ ಕೊಂಡು ಬಾಲ್ಕನಿಯಲ್ಲಿ ಕೂತಿದ್ದರು. ಅದೇ ವರ್ಷ ಆಗಸ್ಟ್ 2ರಂದು ತೀರಿಕೊಂಡರು. ವಯಸ್ಸು 47. ಅದಕ್ಕೆ ಕೆಲವೇ ದಿನ ಮೊದಲು ಅವರ ಆ 1962ರ ಬೇಸ್ ಕಳವಾಗಿತ್ತು. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ನೆನೆದದ್ದು 2000ನೇ ಇಸವಿಯಲ್ಲಿ. ಕ್ಯಾರಲ್ ಕೇ ಅವರನ್ನು ಅದೇ ಸಂಸ್ಥೆ 2025ರಲ್ಲಿ ಆರಿಸಿತು. ಆಗ ಅವರಿಗೆ 90 ವರ್ಷ. “ಬೇಡ” ಅಂದುಬಿಟ್ಟರು.

ನಮ್ಮಲ್ಲಿ? ಹಳೆಯ ಕ್ಯಾಸೆಟ್ ಇದ್ದರೆ ಒಳಗಿನ ಹಾಳೆ ತೆಗೆದು ನೋಡಿ. ಗಾಯಕರು, ಸಾಹಿತಿ, ಸಂಗೀತ ನಿರ್ದೇಶಕರು, ನಿರ್ಮಾಪಕರು. ಅಲ್ಲಿಗೆ ಮುಗಿಯಿತು. ಎ.ಆರ್. ರೆಹಮಾನ್ ಆಲ್ಬಂಗಳಲ್ಲಿ ವಾದಕರ ಹೆಸರು ಅಚ್ಚಾಗತೊಡಗಿದ ಮೇಲೆ ಕೀತ್ ಪೀಟರ್ಸ್ ಅಂತ ಒಬ್ಬರು ಬೇಸ್ ವಾದಕರಿದ್ದಾರೆ ಅಂತ ಕೇಳುಗರಿಗೂ ತಿಳಿಯಿತು. ಆ್ಯಪ್‌ನಲ್ಲಿ ಹಾಡು ಕೇಳುವ ನಮಗೆ ಈಗ ಆ ಒಳಗಿನ ಹಾಳೆಯೂ ಇಲ್ಲ.

ಮಾವನ ಆರ್ಕೆಸ್ಟ್ರಾದ ಹ್ಯಾಂಡ್‌ಬಿಲ್‌ನಲ್ಲೂ ಗಾಯಕರ ಫೋಟೊ ಇರ್ತಿತ್ತು, ಕೀಬೋರ್ಡಿನವರ ಹೆಸರಿರ್ತಿತ್ತು. ಮಾವ ‘ಮತ್ತು ಬಳಗ’ದಲ್ಲಿ ಸೇರಿಹೋಗ್ತಿದ್ದರು. ಆಮೇಲೆ ಒಳ್ಳೆಯ ಕೀಬೋರ್ಡ್‌ಗಳು ಬಂದವು. ಅದರ ಎಡಗೈ ಕಡೆ ಬೇಸ್ ಸದ್ದೂ ಇತ್ತು. ಒಬ್ಬರ ಸಂಭಾವನೆ ಉಳೀತದಲ್ಲ? ಒಂದು ಮಳೆಗಾಲ ಕಳೆದು ಜಾತ್ರೆ ಸೀಸನ್ ಶುರುವಾಗುವಾಗ ಮಾವನಿಗೆ ಕರೆ ಬರಲಿಲ್ಲ. ಯಾರೂ ಬೇಡ ಅಂತ ಹೇಳಲಿಲ್ಲ. ಕರೆಯಲಿಲ್ಲ, ಅಷ್ಟೆ. ಗಿಟಾರ್ ಅಟ್ಟಕ್ಕೆ ಹೋಯಿತು. ಥಂಡಿಗೆ ಅದರ ಕತ್ತು ಬಾಗಿತು.

ಫೋನಿನಲ್ಲಿ ಮಾವ ಯಾಕೆ ಇಲ್ಲ?

ಈಗ ಮೊದಲಿನ ಪ್ರಶ್ನೆಗೆ ಬರುವ. ಫೋನಿನ ಸ್ಪೀಕರ್ ಉಗುರಿನಷ್ಟು. 41 ಕಂಪನದ ಸದ್ದಿಗೆ ಬೇಕಾದಷ್ಟು ಗಾಳಿ ತಳ್ಳುವ ಶಕ್ತಿ ಅದಕ್ಕಿಲ್ಲ. ಆದರೆ ಪ್ರತಿ ಸ್ವರಕ್ಕೂ ಮೇಲ್ಗಡೆ 82, 123 ಹೀಗೆ ಉಪಸ್ವರಗಳು ಇರ್ತವೆ. ಮೇಲಿನವು ಸಾಕಷ್ಟು ಕೇಳಿದರೆ, ಕೆಳಗಿನದ್ದು ಇಲ್ಲದಿದ್ದರೂ ಮೆದುಳು ಅದನ್ನು ತುಂಬಿಸಿಕೊಳ್ತದೆ. ರೌಂಡ್‌ವೂಂಡ್ ತಂತಿಯ ಬೇಸ್, ಪಿಕ್ ಹಾಕಿದ ಬೇಸ್ ಫೋನಿನಲ್ಲಿ ಅಷ್ಟಿಷ್ಟು ಬದುಕುಳಿಯೋದು ಹೀಗೆ. ಸತ್ತ ತಂತಿ, ಚಪ್ಪಲಿ ತುಂಡು, ಬರೀ ಬೆರಳು ಅಂದರೆ ಉಪಸ್ವರಗಳು ತೀರಾ ಕಡಿಮೆ. ಫೋನಿಗೆ ಹಿಡಿಯಲು ಎಂತದ್ದೂ ಸಿಗೋದಿಲ್ಲ. ಗದ್ದೆ ದಾಟಿಸಿದ ಗುಣವೇ ಫೋನಿನಲ್ಲಿ ಮಾವನನ್ನು ಅಳಿಸಿತು.

ಕಳೆದ ತಿಂಗಳು ಒಳ್ಳೆಯ ಹೆಡ್‌ಫೋನ್ ಹಿಡಿದುಕೊಂಡು ಮಾವನ ಮನೆಗೆ ಹೋದೆ. ಈಗ ಅವರಿಗೆ ಎಪ್ಪತ್ತು ದಾಟಿದೆ. ಜಗಲಿಯಲ್ಲಿ ಅಡಿಕೆ ಸುಲೀತಾ ಕೂತಿದ್ದರು. ತಲೆಗೆ ಹೆಡ್‌ಫೋನ್ ಹಾಕಿ ಆ ಕ್ಯಾಸೆಟ್‌ನ ಹಾಡು ಬಿಟ್ಟೆ. ಮೊದಲು ಎಂತದೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅಡಿಕೆ ಹಿಡಿದಿದ್ದ ಎಡಗೈಯ ಬೆರಳುಗಳು ತೊಡೆಯ ಮೇಲೆ ಹರಿದಾಡ್ಲಿಕ್ಕೆ ಶುರುವಾದವು. ಮೂವತ್ತು ವರ್ಷದ ಹಿಂದಿನ ಜಾಗಗಳಿಗೆ, ಒಂದೂ ತಪ್ಪದೆ.

ಹಾಡು ಮುಗಿಯಿತು. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು.

“ಎರಡನೇ ಚರಣದಲ್ಲಿ ಒಂದು ಸ್ವರ ತಪ್ಪಿದೆ” ಅಂದರು. “ಅವತ್ತು ಯಾರಿಗೂ ಗೊತ್ತಾಗಲಿಲ್ಲ.”

“ನಿಮಗೆ ಗೊತ್ತಾಗಿತ್ತಾ ಮಾವ?”

“ನನಗೆ ಗೊತ್ತಾಗದೆ ಇರ್ತದಾ?” ಅಂತ ಹೇಳಿ ಮತ್ತೆ ಅಡಿಕೆಗೆ ಕೈ ಹಾಕಿದರು.

ನಿಮಗೊಂದು ಮನೆಕೆಲಸ. ನಿಮಗೆ ತುಂಬ ಇಷ್ಟದ ಒಂದು ಹಳೆ ಹಾಡನ್ನು ಇಯರ್‌ಫೋನ್‌ನಲ್ಲಿ ಕೇಳಿ, ಬೇಸ್ ಒಂದನ್ನೇ ಹಿಂಬಾಲಿಸಿ. ಆಮೇಲೆ ಅದನ್ನು ನುಡಿಸಿದವರು ಯಾರು ಅಂತ ಹುಡುಕಿ. ನಿಮ್ಮ ಊರಿನ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿದವರು ಯಾರಾದರೂ ಇದ್ದರೆ, ಅವರನ್ನು ಮಾತಾಡಿಸಿ, ಅವರ ಸದ್ದನ್ನು ಫೋನಿನಲ್ಲಾದರೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕೇಳುವಾಗ ಮಾತ್ರ ಇಯರ್‌ಫೋನ್ ಮರೀಬೇಡಿ.